ಹನ್ನೊಂದು ಮೀಟರ್

ಸಪ್ಪೊರೊದ ತನುಕಿಕೋಜಿ ಬೀದಿ, ನೂಡಲ್ ಅಂಗಡಿಯ ಮೇಲಿನ ಮಹಡಿ.
ಹಳೆಯ ಕ್ಯಾಮೆರಾ ಕೊಳ್ಳುತ್ತೇವೆ, ಮಾರುತ್ತೇವೆ, ಒರೆಸುತ್ತೇವೆ.
ಒರೆಸುವುದೇ ಹೆಚ್ಚು.

ಬರುವವರು ಬಾಗಿಲಲ್ಲೇ ಗೊತ್ತಾಗುತ್ತಾರೆ.
ಒಬ್ಬ ಮೆಗಾಪಿಕ್ಸೆಲ್ ಎಣಿಸುತ್ತ ಬರುತ್ತಾನೆ, ಬಡ್ಡಿ ಎಣಿಸುವವನ ಹಾಗೆ.
ಇನ್ನೊಬ್ಬ ಲೆನ್ಸನ್ನು ಬೆಳಕಿಗೆ ಹಿಡಿದು
ಗಾಜಿನೊಳಗೆ ಬೂಸ್ಟು ಹುಡುಕುತ್ತಾನೆ.
ಸಿಕ್ಕರೆ ಖುಷಿ, ಸಿಗದಿದ್ದರೆ ಅನುಮಾನ.

ಈಕೆ ಬಂದದ್ದು ಜನವರಿಯಲ್ಲಿ,
ಬೂಟಿನ ಹಿಮವನ್ನು ಮೆಟ್ಟಿಲ ಮೇಲೆಲ್ಲ ಕರಗಿಸುತ್ತ.
ಮಿತ್ಸುಯೊ ಕುದೊ. ಕುಶಿರೊ ಕಡೆಯವಳು. ಬಸ್ಸು ಓಡಿಸುತ್ತಾಳೆ.
ಚಳಿಗಾಲವಿಡೀ, ನಸುಕಿನ ನಾಲ್ಕೂವರೆಗೆ,
ಫೋಟೋದವರನ್ನು ತುಂಬಿಕೊಂಡು ಸೇತುವೆಗೆ ಬಿಡುವುದು ಅವಳ ಪಾಳಿ.
ಕೆಳಗೆ ಹೆಪ್ಪುಗಟ್ಟದ ಹೊಳೆ, ಹೊಳೆಯ ಮೇಲೆ ಆವಿ,
ಆವಿಯೊಳಗೆ ಕೆಂಪು ನೆತ್ತಿಯ ಕೊಕ್ಕರೆಗಳು ಒಂಟಿಕಾಲಲ್ಲಿ ನಿದ್ದೆ,
ಸೇತುವೆಯ ಮೇಲೆ ಟ್ರೈಪಾಡುಗಳು ಮೂರು ಕಾಲಲ್ಲಿ ಎಚ್ಚರ.

'ಹದಿನಾಲ್ಕು ವರ್ಷ ಬೇರೆಯವರನ್ನು ಕರೆದೊಯ್ದೆ' ಅಂದಳು,
'ಈಗ ನನಗೊಂದು ಬೇಕು.'

ಲಕೋಟೆ ತಂದಿದ್ದಳು. ಒಳಗೆ ಎರಡು ಲಕ್ಷ ಮೂವತ್ತು ಸಾವಿರ ಯೆನ್,
ಜೊತೆಗೊಂದು ಚೀಟಿ, ಪ್ರಯಾಣಿಕರು ಬರೆದುಕೊಟ್ಟ ಬುದ್ಧಿಮಾತು:
ಫುಲ್ ಫ್ರೇಮೇ ಇರಲಿ.
ಐನೂರಕ್ಕಿಂತ ಕಡಿಮೆ ಲೆನ್ಸ್ ಕೊಕ್ಕರೆಗೆ ಅವಮಾನ.
ಮಿರರ್‌ಲೆಸ್ ತಗೊಳ್ಳಿ, ಕನ್ನಡಿ ಸದ್ದಿಗೆ ಹಕ್ಕಿ ಏಳುತ್ತೆ.
ಮಿರರ್‌ಲೆಸ್ ಬೇಡ, ಚಳಿಗೆ ಬ್ಯಾಟರಿ ಸಾಯುತ್ತೆ.
ಕೊನೆಯ ಸಾಲು ಬೇರೆ ಕೈಬರಹ: ಮೊದಲು ಒಳ್ಳೆ ಕೈಗವಸು.

ಐನೂರರದ್ದೊಂದನ್ನು ಕಪಾಟಿನಿಂದ ಇಳಿಸಿದೆ, ಎರಡೂ ಕೈಯಲ್ಲಿ,
ಎಳೆಗೂಸನ್ನು ಬಾಣಂತಿಯ ಮಡಿಲಿಗೆ ಕೊಡುವ ಹಾಗೆ.
ಬೆಲೆ ನೋಡಿದಳು. ಲಕೋಟೆ ನೋಡಿದಳು.
ಆದರೂ ಕಿಟಕಿಗೆ ಹಿಡಿದಳು.
ಎದುರು ಮಹಡಿಯಲ್ಲಿ ಯಾರೋ ಉಗುರು ಕತ್ತರಿಸುತ್ತಿದ್ದರಂತೆ,
ಉಗುರು ಚಿಮ್ಮಿದ್ದೂ ಕಂಡಿತಂತೆ.
'ಇಷ್ಟು ಹತ್ತಿರ ಹೋಗಲು ಅವರನ್ನು ಕೇಳಬೇಕಲ್ಲವೇ'
ಎಂದು ನಾಚಿ ಕೆಳಗಿಟ್ಟಳು.

ನಾನು ಎಲ್ಲರಿಗೂ ಕೇಳುವ ಪ್ರಶ್ನೆಯೊಂದಿದೆ.
ವ್ಯಾಪಾರಕ್ಕೆ ಒಳ್ಳೆಯದಲ್ಲ, ಹೆಂಡತಿ ಬೈಯುತ್ತಾಳೆ.
ನೋಡಬೇಕಾದ್ದು ನಿಮ್ಮಿಂದ ಎಷ್ಟು ದೂರ?
ಜನ ಹಕ್ಕಿ ಅನ್ನುತ್ತಾರೆ, ಚಂದ್ರ ಅನ್ನುತ್ತಾರೆ,
ಮೊಮ್ಮಗಳ ಓಟದ ಪಂದ್ಯ ಅನ್ನುತ್ತಾರೆ.
ಅವಳು ಬಹಳ ಹೊತ್ತು ಸುಮ್ಮನಿದ್ದಳು. ಕೆಳಗಿಂದ ಸಾರು ಕುದಿವ ವಾಸನೆ.
'ಹನ್ನೊಂದು ಮೀಟರ್' ಅಂದಳು.
'ನನ್ನ ಸೀಟಿನಿಂದ ಕಟ್ಟಕಡೆಯ ಸೀಟಿಗೆ. ಕನ್ನಡಿಯಲ್ಲಿ ನೋಡಿ ನೋಡಿ
ಅಷ್ಟರ ಕಣ್ಣಳತೆ ಮಾತ್ರ ನನಗಿದೆ.'

ಎಂಬತ್ತೈದರದ್ದೊಂದಿತ್ತು. ಮುಂಗಾಜಿಗೆ ಕೂದಲೆಳೆಯ ಗೀರು.
ಚಿತ್ರದಲ್ಲಿ ಬೀಳದು, ಬೆಲೆಯನ್ನಷ್ಟೇ ಬೀಳಿಸುತ್ತದೆ.
ಬಾಡಿ ಎರಡು ತಲೆಮಾರು ಹಿಂದಿನದು,
ಶಟರ್ ನಲವತ್ತು ಸಾವಿರ ಸಲ ರೆಪ್ಪೆ ಬಡಿದಿದೆ,
ಮೂಲೆಯಲ್ಲಿ ರಬ್ಬರು ಎದ್ದಿದೆ. ಎಲ್ಲ ಹೇಳಿದೆ.
ಮುಚ್ಚಿಟ್ಟು ಮಾರಿದ್ದು ರಾತ್ರಿ ಕನಸಿಗೆ ಬರುತ್ತದೆ.
ಬ್ಯಾಟರಿ ಎರಡು ಕೊಟ್ಟೆ: 'ಒಂದು ಕಂಕುಳಲ್ಲಿರಲಿ, ಮೊಟ್ಟೆಗೆ ಕಾವು ಕೊಟ್ಟ ಹಾಗೆ.'
'ಉಳಿದದ್ದಕ್ಕೆ ಕೈಗವಸು' ಅಂದಳು. ನಗಲಿಲ್ಲ.

ಮಾರ್ಚಿನಲ್ಲಿ ಅಂಚೆಗೆ ಒಂದು ಪ್ರಿಂಟ್ ಬಂತು.
ಆವಿ, ಆವಿ, ಇನ್ನಷ್ಟು ಆವಿ. ಕೊಕ್ಕರೆ ಎಲ್ಲಿ?
ಭೂತಗನ್ನಡಿ ಹಿಡಿದರೆ ನುಚ್ಚಕ್ಕಿಯಷ್ಟು ಬಿಳಿ,
ಅದರ ಮೇಲೊಂದು ಕೆಂಪು, ಅದೂ ನನ್ನ ಭ್ರಮೆಯಿರಬಹುದು.
ಹಿಂದೆ ಬರೆದಿದ್ದಾಳೆ:
'ಬಸ್ಸಿನಲ್ಲಿ ಎಲ್ಲರೂ ನಕ್ಕರು.
ನಾನು ನಿಂತಲ್ಲಿಂದ ಅದು ಇರುವುದೇ ಅಷ್ಟು.'

ಲಕೋಟೆಯ ತಳಕ್ಕಂಟಿ ಇನ್ನೊಂದಿತ್ತು:
ನಿಂತ ಬಸ್ಸು, ಕನ್ನಡಿಯೊಳಗೆ ಕಟ್ಟಕಡೆಯ ಸೀಟು, ಒಬ್ಬ ಮುದುಕ,
ಮಡಿಲಲ್ಲಿ ಐನೂರರದ್ದೇ ಒಂದು ಲೆನ್ಸು, ಬಾಯ್ತೆರೆದು ನಿದ್ದೆ.
ಫೋಕಸ್ ಅವನ ಮೇಲಿಲ್ಲ.
ಪಕ್ಕದ ಕಿಟಕಿಯ ಮಂಜಿನಲ್ಲಿ
ಯಾರೋ ಬೆರಳಿಂದ ಒರೆಸಿಕೊಂಡ ಕಿಂಡಿಯ ಮೇಲಿದೆ.

ನಮ್ಮದು ಇನ್ನೂ ಕಪಾಟಿನಲ್ಲಿದೆ. ವಾರಕ್ಕೊಮ್ಮೆ ಒರೆಸುತ್ತೇನೆ.
ನಿನ್ನೆ ಒಬ್ಬ ಬಂದ, ದುಡ್ಡಿದ್ದವನು, ನೇರ ಅದನ್ನೇ ತೋರಿಸಿದ.
ಎಷ್ಟು ದೂರ, ಎಂದು ಕೇಳಲು ಬಾಯಿ ತೆರೆದೆ.
ಹೆಂಡತಿ ಕೆಮ್ಮಿದಳು.